ಗಟ್ಟಿಯೂ ಅಲ್ಲ, ನೀರೂ ಅಲ್ಲ: ಕೊಲೆಸ್ಟ್ರಾಲ್ ಹಿಂದೆ ಬಿದ್ದ ಬೆಂಗಳೂರು

1888ರ ಮಾರ್ಚ್ 14ರಂದು ಪ್ರಾಗ್‌ನ ಸಸ್ಯಶಾಸ್ತ್ರಜ್ಞ ಫ್ರೀಡ್ರಿಶ್ ರೈನಿಟ್ಸರ್ ಅವರು ಭೌತವಿಜ್ಞಾನಿ ಓಟೊ ಲೇಮನ್ ಅವರಿಗೆ ಒಂದು ಪತ್ರ ಬರೆದರು. ಜೊತೆಗೆ ತಾವೇ ತಯಾರಿಸಿದ್ದ ವಸ್ತುವಿನ ಮಾದರಿಯನ್ನೂ ಕಳಿಸಿಕೊಟ್ಟರು. ಕೊಲೆಸ್ಟ್ರಾಲ್‌ಗೆ ಬೆಂಜೋಯಿಕ್ ಆಮ್ಲ ಕೂಡಿಸಿ ಮಾಡಿದ್ದ ಆ ವಸ್ತುವಿನ ವರ್ತನೆ ಅವರಿಗೆ ಬಗೆಹರಿದಿರಲಿಲ್ಲ. ಕಾಯಿಸಿದರೆ 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಆದರೆ ತಿಳಿಯಾಗುವುದಿಲ್ಲ. ಕದಡಿದ ದ್ರವವಾಗಿಯೇ ನಿಲ್ಲುತ್ತದೆ. ಇನ್ನಷ್ಟು ಕಾಯಿಸಿ 178.5 ಡಿಗ್ರಿ ಮುಟ್ಟಿಸಿದರೆ ಆಗ ಒಮ್ಮೆಲೇ ತಿಳಿಯಾಗುತ್ತದೆ. ಒಂದೇ ವಸ್ತುವಿಗೆ ಎರಡು ಕರಗುವ ಬಿಂದುಗಳಿರುವುದು ಹೇಗೆ? ಲೇಮನ್ ತಮ್ಮ ಸೂಕ್ಷ್ಮದರ್ಶಕದಡಿ ಆ ಕದಡಿದ ದ್ರವವನ್ನು ನೋಡಿದಾಗ ಅದು ದ್ರವದಂತೆ ಹರಿಯುತ್ತಿತ್ತು, ಆದರೆ ಬೆಳಕನ್ನು ಸ್ಫಟಿಕದಂತೆ ಸೀಳುತ್ತಿತ್ತು. ಇವತ್ತು ನಮ್ಮ ಟಿವಿ, ಗಡಿಯಾರ, ಕ್ಯಾಲ್ಕುಲೇಟರ್‌ಗಳಲ್ಲಿ ಕೂತಿರುವ ದ್ರವಸ್ಫಟಿಕ ಮೊದಲು ಕಣ್ಣಿಗೆ ಬಿದ್ದದ್ದು ಹೀಗೆ, ಕೊಲೆಸ್ಟ್ರಾಲ್‌ನ ದೆಸೆಯಿಂದ.

ಕೊಲೆಸ್ಟ್ರಾಲ್ ಅಂದರೆ ನಮ್ಮ ಮನೆಗಳಲ್ಲಿ ನೆನಪಾಗುವುದು ಬೇರೆಯೇ. ನಾನಿರುವ ಬೆಂಗಳೂರಿನ ಕೋಣನಕುಂಟೆಯಲ್ಲಿ ರಕ್ತಪರೀಕ್ಷೆಯ ಲ್ಯಾಬ್‌ಗೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೋಗಿ ತೋಳು ಚಾಚಿ ಬಂದವರು ಸಂಜೆ ವರದಿ ಕೈಗೆ ಬಂದ ಕೂಡಲೇ ಹುಡುಕುವುದು ಒಂದೇ ಅಂಕಿಯನ್ನು: 200 ದಾಟಿದೆಯೋ ಇಲ್ಲವೋ. ದಾಟಿದ್ದರೆ ತುಪ್ಪ ಬಂದ್, ಬೋಂಡ ಬಂದ್, ಮೊಟ್ಟೆಯಲ್ಲಿ ಬಿಳಿ ಮಾತ್ರ. ಈ ಭಯಕ್ಕೆ ಕಾರಣವಿಲ್ಲ ಎಂದು ನಾನು ಹೇಳಲಾರೆ. ಆದರೆ ರಕ್ತದಲ್ಲಿ ಓಡಾಡುವುದು ಮೈಯೊಳಗಿನ ಕೊಲೆಸ್ಟ್ರಾಲ್‌ನ ಸಣ್ಣ ಪಾಲು. ಅದರ ಖಾಯಂ ವಿಳಾಸ ಜೀವಕೋಶಗಳ ಪೊರೆ. ಇಡೀ ಮೈಯ ಕೊಲೆಸ್ಟ್ರಾಲ್‌ನಲ್ಲಿ ಹೆಚ್ಚು ಕಡಿಮೆ ಕಾಲು ಪಾಲು ಮಿದುಳಿನಲ್ಲೇ ಇದೆ. ಅಲ್ಲಿ, ಪೊರೆಯನ್ನು ಕಟ್ಟುವ ಲಿಪಿಡ್ ಎಂಬ ಕೊಬ್ಬಿನ ಅಣುಗಳ ನಡುವೆ ಕೂತು ಅದು ಮಾಡುವ ಕೆಲಸವೇನು ಎಂಬ ಪ್ರಶ್ನೆಗೆ ನೂರು ವರ್ಷ ತುಂಬಿದೆ. ಆ ಪ್ರಶ್ನೆಯ ದಿಕ್ಕು ಬದಲಾದ ಒಂದು ಮುಖ್ಯ ತಿರುವು ಇದೇ ಊರಿನ ಬಳ್ಳಾರಿ ರಸ್ತೆಯ ಆಸುಪಾಸಿನಲ್ಲಿ ನಡೆಯಿತು. ಕನಕಪುರ ರಸ್ತೆಯ ನಮಗೆ ಅದರ ಸುದ್ದಿ ಅಷ್ಟಾಗಿ ಮುಟ್ಟಿಲ್ಲ.

ಕಥೆ ಪಿತ್ತಕೋಶದ ಕಲ್ಲಿನಿಂದ ಶುರುವಾಗುತ್ತದೆ. 18ನೇ ಶತಮಾನದಲ್ಲಿ ಫ್ರಾನ್ಸಿನ ಪುಲ್ಟಿಯೆ ಡ ಲಾ ಸಾಲ್ ಆ ಕಲ್ಲುಗಳಲ್ಲಿ ಮೇಣದಂಥ ವಸ್ತುವೊಂದನ್ನು ಕಂಡರು. 1815ರ ಹೊತ್ತಿಗೆ ಮಿಷೆಲ್ ಶೆವ್ರಲ್ ಅದಕ್ಕೆ ಹೆಸರಿಟ್ಟರು. ಕೊಬ್ಬಿನ ರಸಾಯನಶಾಸ್ತ್ರಕ್ಕೆ ಬುನಾದಿ ಹಾಕಿದ ಶೆವ್ರಲ್ 102 ವರ್ಷ ಬದುಕಿದರು. ರೈನಿಟ್ಸರ್ ಪತ್ರ ಬರೆದಾಗ ಅವರಿನ್ನೂ ಇದ್ದರು. 27 ಇಂಗಾಲದ ಪರಮಾಣುಗಳ ಈ ಅಣುವಿನ ಆಕಾರ ಏನೆಂದು ತಿಳಿಯಲು ಮಾತ್ರ ಮತ್ತೂ ನಲವತ್ತು ವರ್ಷಗಳಿಗಿಂತ ಹೆಚ್ಚು ಬೇಕಾಯಿತು. ಜರ್ಮನಿಯ ಹೈನ್ರಿಶ್ ವೀಲಾಂಡ್‌ಗೆ 1927ರ, ಅಡಾಲ್ಫ್ ವಿಂಡೌಸ್‌ಗೆ 1928ರ ನೊಬೆಲ್ ಬಂತು. ಅವರು ಬರೆದ ರಚನೆ ತಪ್ಪಾಗಿತ್ತು. 1932ರಲ್ಲಿ ಬರ್ನಾಲ್ ಎಕ್ಸ್-ಕಿರಣ ಹಾಯಿಸಿ ಅಳೆದಾಗ ಈ ಜಾತಿಯ ಅಣುಗಳು ನೊಬೆಲ್ ರಚನೆಗೆ ಹೊಂದದಷ್ಟು ತೆಳ್ಳಗೆ, ಚಪ್ಪಟೆಯಾಗಿ ಕಂಡವು. ಅದರ ಬೆನ್ನಲ್ಲೇ ಸರಿಯಾದ ರಚನೆ ಹೊರಬಿತ್ತು: ಒಂದಕ್ಕೊಂದು ಬೆಸೆದುಕೊಂಡ ನಾಲ್ಕು ಉಂಗುರಗಳು, ಒಂದು ತುದಿಗೆ ನೀರನ್ನು ಇಷ್ಟಪಡುವ ಪುಟ್ಟ ಹೈಡ್ರಾಕ್ಸಿಲ್, ಇನ್ನೊಂದು ತುದಿಗೆ ಮೋಟು ಬಾಲ. ಉಂಗುರಗಳ ಒಂದು ಮೈ ನುಣುಪು, ಇನ್ನೊಂದು ಮೈಯಲ್ಲಿ ಎರಡು ಉಬ್ಬು. ಈ ಗಡುಸು, ಈ ಚಪ್ಪಟೆತನ ಇಲ್ಲದಿದ್ದರೆ ಮುಂದಿನ ಕಥೆಯೇ ಇಲ್ಲ.

ರಚನೆ ಗೊತ್ತಾಗುವ ಮೊದಲೇ ಅದರ ವರ್ತನೆಯ ಸುಳಿವು ಸಿಕ್ಕಿತ್ತು. 1925ರಲ್ಲಿ ಎರಡು ಕೆಲಸಗಳು ಬೆಳಕಿಗೆ ಬಂದವು. ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳಿಂದ ಕೊಬ್ಬು ತೆಗೆದು ನೀರಿನ ಮೇಲೆ ಹರಡಿ ಅಳೆದು, ಅದು ಕಣಗಳ ಮೈಯನ್ನು ಎರಡು ಸಲ ಮುಚ್ಚುವಷ್ಟಿದೆ ಎಂದು ಕಂಡು, ಪೊರೆ ಎರಡು ಪದರದ್ದು ಎಂದರು. ಅವರು ಕೊಬ್ಬನ್ನು ಪೂರ್ತಿ ತೆಗೆದಿರಲಿಲ್ಲ, ಕಣದ ಮೈಯ ವಿಸ್ತೀರ್ಣವನ್ನೂ ಕಡಿಮೆ ಲೆಕ್ಕ ಹಾಕಿದ್ದರು. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿ ಬಂತು. ವಿಜ್ಞಾನದಲ್ಲಿ ಇಂಥ ಅದೃಷ್ಟ ಆಗಾಗ ಒದಗುತ್ತದೆ, ಹೇಳಿಕೊಳ್ಳುವವರು ಕಡಿಮೆ.

ಅದೇ ವರ್ಷ ಇಂಗ್ಲೆಂಡಿನ ಶರೀರವಿಜ್ಞಾನಿ ಜಾನ್ ಬೆರೆಸ್‌ಫರ್ಡ್ ಲೀಥ್ಸ್ ಪ್ರಕಟಿಸಿದ ಪ್ರಯೋಗ ಇನ್ನೂ ಸರಳ. ಅಗಲವಾದ ತೊಟ್ಟಿಯ ನೀರಿನ ಮೇಲೆ ಲೆಸಿಥಿನ್ ಎಂಬ ಲಿಪಿಡ್ಡನ್ನು ಒಂದೇ ಅಣುವಿನ ದಪ್ಪಕ್ಕೆ ಹರಡಿ, ಪಕ್ಕದಿಂದ ಪಟ್ಟಿಯೊಂದನ್ನು ತಳ್ಳುತ್ತ ಒಂದೊಂದು ಅಣು ಎಷ್ಟು ಜಾಗ ಹಿಡಿಯುತ್ತದೆ ಎಂದು ಅಳೆಯುವುದು. ಕೊಲೆಸ್ಟ್ರಾಲನ್ನೂ ಬೇರೆಯಾಗಿ ಹಾಗೆಯೇ ಅಳೆಯುವುದು. ಆಮೇಲೆ ಎರಡನ್ನೂ ಬೆರೆಸಿ ಅಳೆಯುವುದು. ಬೆರೆಸಿದಾಗ ಎರಡರ ಜಾಗದ ಮೊತ್ತ ಬರಬೇಕಿತ್ತು. ಬರಲಿಲ್ಲ, ಕಡಿಮೆ ಬಂತು. ಕೊಲೆಸ್ಟ್ರಾಲ್ ಸೇರಿದ ಕೂಡಲೇ ಲಿಪಿಡ್‌ಗಳು ಮೈ ಮುದುಡಿಕೊಂಡು ಒತ್ತೊತ್ತಾಗಿ ನಿಂತುಬಿಟ್ಟಿದ್ದವು. ಲೀಥ್ಸ್ ಕಂಡ ಈ ಕುಗ್ಗುವಿಕೆಗೆ ಕಾರಣವೇನು ಎಂಬುದರ ಮೇಲೆ ಇವತ್ತಿಗೂ ಪ್ರಬಂಧಗಳು ಬರುತ್ತಿವೆ.

ಮುಂದಿನ ಹೆಜ್ಜೆ ಇಟ್ಟದ್ದು ವಿಶ್ವವಿದ್ಯಾಲಯವಲ್ಲ, ಸಾಬೂನಿನ ಕಂಪನಿ. ನಮ್ಮಲ್ಲಿ ಡಾಲ್ಡಾ ಮಾರುತ್ತಿದ್ದ ಯೂನಿಲಿವರ್‌ಗೆ ಕೊಬ್ಬು ಯಾವಾಗ ಕರಗುತ್ತದೆ, ಯಾವಾಗ ಹೆಪ್ಪುಗಟ್ಟುತ್ತದೆ ಎಂಬುದು ವ್ಯಾಪಾರದ ವಿಷಯ. ಇಂಗ್ಲೆಂಡಿನ ವೆಲ್ವಿನ್‌ನಲ್ಲಿದ್ದ ಅದರ ಪ್ರಯೋಗಾಲಯದಲ್ಲಿ ಡೆನಿಸ್ ಚಾಪ್‌ಮನ್ ಮತ್ತು ಅವರ ಸಂಗಡಿಗರು ಪೊರೆಯ ಲಿಪಿಡ್‌ಗಳನ್ನು ಕ್ಯಾಲರಿಮೀಟರಿಗೆ ಹಾಕಿದರು. ಒಂದು ಪುಟ್ಟ ತಟ್ಟೆಯಲ್ಲಿ ಲಿಪಿಡ್ ಮತ್ತು ನೀರು, ಇನ್ನೊಂದರಲ್ಲಿ ಹೋಲಿಕೆಗೆ ಮತ್ತೊಂದು ವಸ್ತು; ಎರಡನ್ನೂ ಒಂದೇ ವೇಗದಲ್ಲಿ ಕಾಯಿಸುತ್ತ ಹೋಗಿ, ಮೊದಲನೆಯದು ಎಲ್ಲಿ ಹೆಚ್ಚಿಗೆ ಶಾಖ ಕುಡಿಯುತ್ತದೆ ಎಂದು ನೋಡುವುದು. ಮಾಗಿಯ ಚಳಿಯಲ್ಲಿ ಹೆಪ್ಪುಗಟ್ಟಿದ ತುಪ್ಪದ ಡಬ್ಬಿಯನ್ನು ಒಲೆಯ ಪಕ್ಕ ಇಟ್ಟರೆ ಒಂದು ಹದಕ್ಕೆ ಬಂದಾಗ ಕರಗತೊಡಗುತ್ತದಲ್ಲ, ಪೊರೆಯ ಲಿಪಿಡ್‌ಗಳೂ ಹಾಗೆಯೇ. ಎರಡು ಪಾಲ್ಮಿಟಿಕ್ ಸರಪಳಿಗಳಿರುವ ಡಿಪಿಪಿಸಿ ಎಂಬ ಲಿಪಿಡ್ 41 ಡಿಗ್ರಿಗಿಂತ ಕೆಳಗೆ ಗಟ್ಟಿ ಜೆಲ್. ಸರಪಳಿಗಳು ನೆಟ್ಟಗೆ, ಶಿಸ್ತಾಗಿ ನಿಂತಿರುತ್ತವೆ. 41 ದಾಟಿದರೆ ಸರಪಳಿಗಳು ಬಾಗಿ ಬಳುಕಿ ಪೊರೆ ದ್ರವವಾಗುತ್ತದೆ. ಗ್ರಾಫಿನಲ್ಲಿ ಅಲ್ಲೊಂದು ಚೂಪು ಶಿಖರ.

1968ರಲ್ಲಿ ಲ್ಯಾಡ್‌ಬ್ರೂಕ್, ವಿಲಿಯಮ್ಸ್ ಮತ್ತು ಚಾಪ್‌ಮನ್ ಇದಕ್ಕೆ ಸ್ವಲ್ಪ ಸ್ವಲ್ಪವಾಗಿ ಕೊಲೆಸ್ಟ್ರಾಲ್ ಬೆರೆಸುತ್ತ ಹೋದರು. ಶಿಖರ ಗಿಡ್ಡವಾಯಿತು, ಅಗಲವಾಯಿತು. ನೂರು ಅಣುಗಳಲ್ಲಿ ಐವತ್ತು ಕೊಲೆಸ್ಟ್ರಾಲ್ ಆದಾಗ ಶಿಖರವೇ ಇಲ್ಲ. ಅಂದರೆ ಕಾಯಿಸಿದರೂ ಪೊರೆ ಕರಗುತ್ತಿಲ್ಲ, ಯಾಕೆಂದರೆ ಅದು ಹೆಪ್ಪುಗಟ್ಟಿಯೇ ಇರಲಿಲ್ಲ. ಪೂರ್ತಿ ದ್ರವವೂ ಆಗಿರಲಿಲ್ಲ. ತಣ್ಣಗಿನ ಗಟ್ಟಿ ಪೊರೆಗೆ ಸೇರಿದ ಕೊಲೆಸ್ಟ್ರಾಲ್ ಸರಪಳಿಗಳ ಶಿಸ್ತನ್ನು ಕೆಡಿಸುತ್ತದೆ. ಬಿಸಿಯ ದ್ರವ ಪೊರೆಗೆ ಸೇರಿದರೆ ಅದೇ ಕೊಲೆಸ್ಟ್ರಾಲ್ ಶಿಸ್ತು ತರುತ್ತದೆ. ಅದರ ಗಡುಸು ಉಂಗುರಗಳ ಪಕ್ಕ ಸಿಕ್ಕಿಕೊಂಡ ಸರಪಳಿಗೆ ಮನಬಂದಂತೆ ಬಳುಕಲು ಎಡೆಯಿಲ್ಲ. ಆದರೆ ಆ ಉಂಗುರಗಳ ಆಕಾರ ಸರಪಳಿಗಳ ಸಾಲಿಗೆ ಹೊಂದುವಂಥದ್ದೂ ಅಲ್ಲ, ಹಾಗಾಗಿ ಸ್ಫಟಿಕದಂತೆ ಜೋಡಣೆಯಾಗಲೂ ಬಿಡುವುದಿಲ್ಲ.

ಈ ನಡುಸ್ಥಿತಿಗೆ ಥರ್ಮೊಡೈನಮಿಕ್ಸ್‌ನ ಲೆಕ್ಕದಲ್ಲಿ ಒಂದು ಸ್ಥಾನ ಕೊಟ್ಟವರು ಡೆನ್ಮಾರ್ಕಿನ ಓಲೆ ಮೌರಿಟ್ಸನ್, ಕೆನಡಾದ ಮಾರ್ಟಿನ್ ಜುಕರ್‌ಮನ್ ಮತ್ತು ಸಂಗಡಿಗರು. 1987ರ ಅವರ ಲೇಖನ ಈ ಸ್ಥಿತಿಯನ್ನು ಶಿಸ್ತಿನ ದ್ರವ ಎಂದು ಕರೆಯಿತು. ಅಣುಗಳು ಪೊರೆಯ ಮೇಲೆ ದ್ರವದಂತೆ ಅಲೆಯುತ್ತವೆ, ಆದರೆ ಒಂದೊಂದರ ಸರಪಳಿಯೂ ಜೆಲ್‌ನಲ್ಲಿರುವಂತೆ ನೆಟ್ಟಗಿರುತ್ತದೆ. 1990ರಲ್ಲಿ ವಿಸ್ಟ್ ಮತ್ತು ಡೇವಿಸ್ ಡಿಪಿಪಿಸಿ ಮತ್ತು ಕೊಲೆಸ್ಟ್ರಾಲ್ ಮಿಶ್ರಣದ ನಕ್ಷೆಯನ್ನು ಅಳೆದು ಬರೆದರು: ಅಡ್ಡಸಾಲಿನಲ್ಲಿ ಕೊಲೆಸ್ಟ್ರಾಲ್‌ನ ಪ್ರಮಾಣ, ಉದ್ದಸಾಲಿನಲ್ಲಿ ತಾಪಮಾನ, ಒಳಗೆ ಎಲ್ಲೆಲ್ಲಿ ಯಾವ ಸ್ಥಿತಿ, ಎಲ್ಲೆಲ್ಲಿ ಎರಡು ಸ್ಥಿತಿಗಳ ಸಹಬಾಳ್ವೆ.

ಕೊಲೆಸ್ಟ್ರಾಲ್ ಮತ್ತು ಲಿಪಿಡ್ ಹೀಗೆ ಹತ್ತಿರವಾಗುವುದು ಏಕೆ ಎಂಬುದರ ಮೇಲೆ ಒಮ್ಮತ ಮೂಡಲಿಲ್ಲ. ಸ್ಟ್ಯಾನ್‌ಫರ್ಡಿನ ಹಾರ್ಡನ್ ಮೆಕಾನೆಲ್ ಮತ್ತು ಅರುಣ್ ರಾಧಾಕೃಷ್ಣನ್ 1999ರಲ್ಲಿ ಎರಡೂ ನಿಶ್ಚಿತ ಪ್ರಮಾಣದಲ್ಲಿ ಕೂಡಿ ಸಂಕೀರ್ಣಗಳಾಗುತ್ತವೆ ಎಂದರು. ಅದೇ ವರ್ಷ ಹುವಾಂಗ್ ಮತ್ತು ಫೀಗೆನ್ಸನ್, ಕೊಲೆಸ್ಟ್ರಾಲ್‌ನ ನೀರೊಲ್ಲದ ಮೈಯನ್ನು ಅಕ್ಕಪಕ್ಕದ ಲಿಪಿಡ್‌ಗಳ ದೊಡ್ಡ ತಲೆಗಳು ನೀರಿನಿಂದ ಮರೆಮಾಡುತ್ತವೆ, ಬೇರೆ ನಂಟೇನೂ ಬೇಕಿಲ್ಲ ಎಂದರು. ಅಣುಗಳು ಜಾಲರಿಯಂತೆ ಕ್ರಮವಾಗಿ ಹರಡಿಕೊಳ್ಳುತ್ತವೆ ಎಂಬ ಮೂರನೆಯ ವಾದವೂ ಇತ್ತು. ಮೂರೂ ವಾದಗಳಿಗೆ ಅನುಕೂಲವಾದ ಅಳತೆಗಳಿವೆ. ನನಗೆ ಇವುಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಮೆಕಾನೆಲ್ ದಾರಿ ಅನ್ನಿಸುತ್ತದೆ, ಅದು ಸರಿ ಎಂಬ ಕಾರಣಕ್ಕಲ್ಲ. ಲಿಪಿಡ್‌ಗಳ ಹಿಡಿತಕ್ಕೆ ಸಿಗದೆ ಮಿಕ್ಕ ಕೊಲೆಸ್ಟ್ರಾಲ್‌ಗೆ ಪೊರೆ ಬಿಟ್ಟು ಹೋಗುವ ತುಡಿತ ಒಮ್ಮೆಲೇ ಏರುತ್ತದೆ ಎಂಬ ವಿಚಾರ ಅದರಿಂದ ಬಂತು. ರಾಧಾಕೃಷ್ಣನ್ ಆಮೇಲೆ ಡಲ್ಲಾಸ್‌ನಲ್ಲಿ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಜೊತೆ ಸೇರಿ 2008ರಲ್ಲಿ ಇದರ ಜೀವಂತ ರೂಪ ತೋರಿಸಿದರು: ಕೋಶದೊಳಗಿನ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಪೊರೆಯಲ್ಲಿ ಕೊಲೆಸ್ಟ್ರಾಲ್ ನೂರಕ್ಕೆ ಐದನ್ನು ದಾಟಿದ ಕೂಡಲೇ ಕೋಶ ಹೊಸ ಕೊಲೆಸ್ಟ್ರಾಲ್ ಮಾಡುವ ಸ್ವಿಚ್ಚನ್ನು ಆರಿಸಿಬಿಡುತ್ತದೆ.

ಈ ಹೊತ್ತಿಗೆ ಬೆಂಗಳೂರು ಕಥೆಗೆ ಬಂದಾಗಿತ್ತು. ಅದರ ಬೇರು ಮೈಸೂರಿನಲ್ಲಿದೆ. ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದು ದ್ರವಸ್ಫಟಿಕಗಳ ಸಂಶೋಧನೆ ಆರಂಭಿಸಿದರು. ಜಗತ್ತಿನ ಬಹುತೇಕ ಭೌತವಿಜ್ಞಾನಿಗಳು ಆ ವಿಷಯವನ್ನು ಮರೆತಿದ್ದ ಕಾಲ ಅದು. 1971ರಲ್ಲಿ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. 1977ರಲ್ಲಿ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಂದಿಗೆ, ಕಡ್ಡಿಯಾಕಾರದ ಅಣುಗಳು ಮಾತ್ರ ದ್ರವಸ್ಫಟಿಕವಾಗಬಲ್ಲವು ಎಂಬ ನಂಬಿಕೆಯನ್ನು ಮುರಿದು, ತಟ್ಟೆಯಾಕಾರದ ಅಣುಗಳೂ ಆಗಬಲ್ಲವೆಂದು ತೋರಿಸಿದರು. ಹೀಗೆ ಸದಾಶಿವನಗರದ ಆ ಹಸಿರು ಆವರಣದಲ್ಲಿ ಎಕ್ಸ್-ಕಿರಣ ಹಾಯಿಸಿ ಮೃದು ವಸ್ತುಗಳ ಒಳಜೋಡಣೆ ಓದುವ ಒಂದು ಪರಂಪರೆಯೇ ಬೆಳೆಯಿತು. ಲಿಪಿಡ್ ಪೊರೆಯೂ ದ್ರವಸ್ಫಟಿಕವೇ ಆದ್ದರಿಂದ ಆ ಪರಂಪರೆ ಒಂದಲ್ಲ ಒಂದು ದಿನ ಕೊಲೆಸ್ಟ್ರಾಲ್‌ಗೆ ಬರಬೇಕಾಗಿತ್ತು.

ಬಂದದ್ದು ವಿ.ಎ. ರಘುನಾಥನ್ ಮತ್ತು ಅವರ ವಿದ್ಯಾರ್ಥಿ ಸನತ್ ಕರ್ಮಾಕರ್ ಮೂಲಕ. ಅವರ ವಿಧಾನದಲ್ಲಿ ಲಿಪಿಡ್ ಮತ್ತು ಕೊಲೆಸ್ಟ್ರಾಲ್ ದ್ರಾವಣವನ್ನು ಗಾಜಿನ ಮೇಲೆ ಹರಡಿ ಒಣಗಿಸುತ್ತಾರೆ. ತೇವದ ಗಾಳಿಯಲ್ಲಿಟ್ಟರೆ ಪೊರೆಗಳು ಒಂದರ ಮೇಲೊಂದು ಸಾಲಾಗಿ ಮಲಗುತ್ತವೆ. ತಾಪಮಾನ ಮತ್ತು ತೇವವನ್ನು ಹಿಡಿತದಲ್ಲಿಟ್ಟು ಎಕ್ಸ್-ಕಿರಣ ಹಾಯಿಸಿದರೆ ಚದುರಿದ ಕಿರಣಗಳ ಚುಕ್ಕೆಗಳಿಂದ ಪದರಗಳ ದಪ್ಪ, ಅಲೆ, ಓರೆ ಎಲ್ಲವನ್ನೂ ಲೆಕ್ಕ ಹಾಕಬಹುದು. ಜೆಲ್ ಮತ್ತು ಶಿಸ್ತಿನ ದ್ರವ ಜೊತೆಯಾಗಿರಬೇಕು ಎಂದು ಹಳೆಯ ನಕ್ಷೆ ಹೇಳುತ್ತಿದ್ದ ನಡುಪ್ರದೇಶದಲ್ಲಿ ಅವರಿಗೆ ಯಾರೂ ನಿರೀಕ್ಷಿಸದ ಚುಕ್ಕೆಗಳು ಸಿಕ್ಕವು. ಕೊಲೆಸ್ಟ್ರಾಲ್ ಸುಮಾರು ಶೇಕಡಾ 15 ಇದ್ದಾಗ ಪೊರೆ ಚಪ್ಪಟೆಯಾಗಿರದೆ ಕ್ರಮವಾಗಿ ಅಲೆಯಲೆಯಾಗಿ ಮಡಿಚಿಕೊಂಡಿತ್ತು. 2003ರಲ್ಲಿ ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಈ ಹೊಸ ಸ್ಥಿತಿಯ ವರದಿ ಬಂತು. ಎರಡೇ ಅಣುಗಳ ಮಿಶ್ರಣ, ಮೂರು ದಶಕ ಎಷ್ಟೋ ಪ್ರಯೋಗಾಲಯಗಳು ಅಳೆದದ್ದು, ಆದರೂ ನಕ್ಷೆಯಲ್ಲಿ ಗುರುತಾಗದ ಒಂದು ಊರು ಉಳಿದಿತ್ತು. ಇದೇ ವಿಷಯ ಕುರಿತು 2005ರ ಇನ್ನೊಂದು ಲೇಖನದಲ್ಲಿ ಕರ್ಮಾಕರ್ ಮತ್ತು ರಘುನಾಥನ್ ಜೊತೆ ಮೂರನೆಯ ಹೆಸರೊಂದಿದೆ: ಸತ್ಯಜಿತ್ ಮೇಯರ್.

ಮೇಯರ್ ಬಂದದ್ದು ಭೌತವಿಜ್ಞಾನದ ಕಡೆಯಿಂದಲ್ಲ. ಬಾಂಬೆ ಐಐಟಿಯಲ್ಲಿ ರಸಾಯನಶಾಸ್ತ್ರ ಓದಿ, ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ ಮಾಡಿದವರು. ಅಲ್ಲಿ ಅವರ ವಿಷಯ ಜಿಪಿಐ ಎಂಬ ಕೊಬ್ಬಿನ ಗೂಟ. ಕೆಲವು ಪ್ರೋಟೀನ್‌ಗಳು ಪೊರೆಯನ್ನು ಹಾದು ಹೋಗದೆ ಹೊರಪದರಕ್ಕೆ ಈ ಗೂಟದಿಂದ ಮಾತ್ರ ನೆಟ್ಟುಕೊಂಡಿರುತ್ತವೆ. 1990ರ ದಶಕದ ನಡುವೆ ಅವರು ಒಬೈದ್ ಸಿದ್ದಿಕಿ ಕಟ್ಟುತ್ತಿದ್ದ ಎನ್‌ಸಿಬಿಎಸ್‌ಗೆ, ಅಂದರೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಕ್ಕೆ ಸೇರಿದರು. ಜಿಕೆವಿಕೆ ಆವರಣದಲ್ಲಿರುವ ಆ ಸಂಸ್ಥೆಗೂ ರಾಮನ್ ಸಂಸ್ಥೆಗೂ ನಡುವೆ ಇರುವುದು ಮೇಖ್ರಿ ವೃತ್ತ, ಹೆಬ್ಬಾಳ ಮತ್ತು ಅಲ್ಲಿನ ಟ್ರಾಫಿಕ್ಕು.

ಆ ಹೊತ್ತಿಗೆ ಜೀವವಿಜ್ಞಾನಿಗಳಲ್ಲಿ ತೆಪ್ಪದ ವಾದ ಜೋರಾಗಿ ಎದ್ದಿತ್ತು. ಸಿಂಗರ್ ಮತ್ತು ನಿಕಲ್ಸನ್ 1972ರಲ್ಲಿ ಪೊರೆ ಎಂದರೆ ದ್ರವ, ಅದರಲ್ಲಿ ಪ್ರೋಟೀನ್‌ಗಳು ತೇಲುತ್ತವೆ ಎಂದಿದ್ದರು. ಕಾಯ್ ಸೈಮನ್ಸ್ ಮತ್ತು ಎಲಿನಾ ಇಕೊನೆನ್ 1997ರಲ್ಲಿ ನೇಚರ್ ಪತ್ರಿಕೆಯಲ್ಲಿ, ಆ ದ್ರವ ಎಲ್ಲೆಡೆ ಒಂದೇ ಸಮ ಇಲ್ಲ, ಕೊಲೆಸ್ಟ್ರಾಲ್ ಮತ್ತು ಸ್ಫಿಂಗೊಲಿಪಿಡ್ ಎಂಬ ಬಗೆಯ ಲಿಪಿಡ್‌ಗಳು ಕೂಡಿ ಪುಟ್ಟ ತೆಪ್ಪಗಳಾಗುತ್ತವೆ, ಕೆಲವು ಪ್ರೋಟೀನ್‌ಗಳು ಆ ತೆಪ್ಪ ಹತ್ತುತ್ತವೆ ಎಂದು ಬರೆದರು. ಭೌತವಿಜ್ಞಾನಿಗಳ ಶಿಸ್ತಿನ ದ್ರವಕ್ಕೆ ಒಮ್ಮೆಲೇ ಜೀವಂತ ಕೋಶದಲ್ಲಿ ಕೆಲಸ ಸಿಕ್ಕಂತಾಯಿತು. ಸಾಕ್ಷಿ ಮಾತ್ರ ಬಡಕಲು. ಕೋಶವನ್ನು 4 ಡಿಗ್ರಿಗೆ ತಣಿಸಿ, ಟ್ರೈಟಾನ್ ಎಂಬ ಸಾಬೂನಿನಂಥ ದ್ರಾವಣ ಹಾಕಿ, ಕರಗದೆ ಉಳಿದದ್ದೇ ತೆಪ್ಪ ಎನ್ನುವುದು ರೂಢಿಯಾಗಿತ್ತು. ಅಷ್ಟು ತಣಿಸಿ ಸಾಬೂನು ಹಾಕಿದರೆ ಇಲ್ಲದ ಗುಂಪೂ ಹುಟ್ಟಬಹುದಲ್ಲ? 2002ರಲ್ಲಿ ಹೀರ್‌ಕ್ಲಾಟ್ಸ್ ಟ್ರೈಟಾನ್ ಹಾಗೆ ಹುಟ್ಟಿಸುತ್ತದೆ ಎಂದೇ ತೋರಿಸಿದರು. ಮರುವರ್ಷ ಶಾನ್ ಮನ್ರೋ ತೆಪ್ಪಗಳು ಸಿಗದಷ್ಟು ನುಣುಚುವವೋ ಅಥವಾ ಬರೀ ಭ್ರಮೆಯೋ ಎಂದು ಸೆಲ್ ಪತ್ರಿಕೆಯಲ್ಲಿ ಕೇಳಿದರು.

ಸಾಬೂನು ಹಾಕದೆ, ಕೋಶವನ್ನು ಸಾಯಿಸದೆ ನೋಡುವುದು ಹೇಗೆ? ಮೇಯರ್ ಮತ್ತು ಅವರ ವಿದ್ಯಾರ್ಥಿ ರಜತ್ ವರ್ಮಾ ಹುಡುಕಿದ ದಾರಿ ಜಾಣತನದ್ದು. ಜಿಪಿಐ ಗೂಟದ ಫೋಲೇಟ್ ಗ್ರಾಹಕ ಪ್ರೋಟೀನಿಗೆ ಹೊಳೆಯುವ ಅಣುವೊಂದನ್ನು ಅಂಟಿಸಿ, ಒಂದೇ ದಿಕ್ಕಿನಲ್ಲಿ ಕಂಪಿಸುವ ಧ್ರುವೀಕೃತ ಬೆಳಕು ಹಾಯಿಸಿದರು. ಒಂಟಿ ಅಣು ಬೆಳಕನ್ನು ಹೀರಿ ಬಹುಮಟ್ಟಿಗೆ ಅದೇ ದಿಕ್ಕಿನಲ್ಲಿ ಮರಳಿ ಸೂಸುತ್ತದೆ. ಪಕ್ಕದಲ್ಲೇ, ಕೆಲವೇ ನ್ಯಾನೊಮೀಟರ್ ದೂರದಲ್ಲಿ, ಅದೇ ಜಾತಿಯ ಇನ್ನೊಂದು ಅಣು ಇದ್ದರೆ ಹೀರಿದ ಶಕ್ತಿ ಅದಕ್ಕೆ ದಾಟಿ, ಹೊರಬರುವ ಬೆಳಕು ದಿಕ್ಕು ತಪ್ಪುತ್ತದೆ. ಎಷ್ಟು ದಿಕ್ಕು ತಪ್ಪಿತು ಎಂದು ಅಳೆದರೆ ಎಷ್ಟು ಹತ್ತಿರ ಇದ್ದವು ಎಂದು ತಿಳಿಯುತ್ತದೆ. ಮೈಕ್ರೋಸ್ಕೋಪಿಗೆ ಕಾಣದಷ್ಟು ಚಿಕ್ಕ ಗುಂಪನ್ನು ಬೆಳಕಿನ ದಿಕ್ಕಿನಿಂದ ಪತ್ತೆ ಮಾಡುವ ಲೆಕ್ಕ ಇದು. ಪ್ರೋಟೀನ್‌ಗಳು ಚೆಲ್ಲಾಪಿಲ್ಲಿಯಾಗಿ ಹರಡಿದ್ದರೆ ಅವುಗಳ ಸಂಖ್ಯೆ ಕಡಿಮೆಯಾದ ಹಾಗೆಲ್ಲ ದಿಕ್ಕು ತಪ್ಪುವುದೂ ಕಡಿಮೆಯಾಗಬೇಕು. ಆಗಲಿಲ್ಲ. ಸಂಖ್ಯೆ ಎಷ್ಟೇ ಇರಲಿ, ದಿಕ್ಕು ತಪ್ಪುವ ಪ್ರಮಾಣ ಅಷ್ಟೇ. ಅಂದರೆ ಅವು ಗುಂಪಾಗಿವೆ, ಗುಂಪಿನ ಅಗಲ 70 ನ್ಯಾನೊಮೀಟರಿಗಿಂತ ಕಡಿಮೆ. ಕೋಶದ ಕೊಲೆಸ್ಟ್ರಾಲ್ ಇಳಿಸಿದರೆ ಗುಂಪು ಚದುರಿತು. 1998ರ ಆಗಸ್ಟ್‌ನಲ್ಲಿ ನೇಚರ್ ಇದನ್ನು ಪ್ರಕಟಿಸಿತು. ಅದೇ ಸಂಚಿಕೆಯಲ್ಲಿ ಬೇರೆ ವಿಧಾನದಿಂದ ಅದೇ ತೀರ್ಮಾನಕ್ಕೆ ಬಂದಿದ್ದ ಫ್ರೀಡ್ರಿಕ್ಸನ್ ಮತ್ತು ಕುರ್ಜಾಲಿಯಾ ಲೇಖನವೂ ಇತ್ತು. ಅದೇ ವರ್ಷ ಅಮೆರಿಕದ ಆ್ಯನ್ ಕೆನ್‌ವರ್ದಿ ಮತ್ತು ಮೈಕೆಲ್ ಎಡಿಡಿನ್ ಇಂಥದ್ದೇ ಇನ್ನೊಂದು ಪ್ರೋಟೀನಿನಲ್ಲಿ ಗುಂಪೇನೂ ಕಾಣಲಿಲ್ಲ ಎಂದು ವರದಿ ಮಾಡಿದ್ದರು. ಹಾಗಾಗಿ ಜಗಳ ಮುಗಿಯಲಿಲ್ಲ.

ನಿಜವಾದ ತಿರುವು 2004ರದ್ದು. ಮೇಯರ್ ಅವರ ಗುಂಪು, ರಾಮನ್ ಸಂಸ್ಥೆಯ ಸೈದ್ಧಾಂತಿಕ ಭೌತವಿಜ್ಞಾನಿ ಮದನ್ ರಾವ್, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಜಿ. ಕೃಷ್ಣಮೂರ್ತಿ ಕೂಡಿ ಹಳೆಯ ಅಳತೆಗಳನ್ನು ಇನ್ನೂ ನವಿರಾಗಿ ಮಾಡಿದರು. ಗುಂಪುಗಳು ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕವು: ಒಂದೊಂದರಲ್ಲಿ ಹೆಚ್ಚೆಂದರೆ ನಾಲ್ಕು ಪ್ರೋಟೀನ್, ಅಗಲ ನಾಲ್ಕೈದು ನ್ಯಾನೊಮೀಟರ್. ನೂರರಲ್ಲಿ 20ರಿಂದ 40 ಪ್ರೋಟೀನ್‌ಗಳು ಗುಂಪಿನಲ್ಲಿ, ಉಳಿದವು ಒಂಟಿ. ಕಣ್ಣಿಟ್ಟು ನೋಡಬೇಕಾದ ಸಂಗತಿ ಇಲ್ಲಿದೆ: ಪೊರೆಯಲ್ಲಿ ಪ್ರೋಟೀನ್ ಹೆಚ್ಚಿಸಿದರೂ ತಗ್ಗಿಸಿದರೂ ಗುಂಪಿನವು ಮತ್ತು ಒಂಟಿಗಳ ಈ ಪ್ರಮಾಣ ಕದಲಲಿಲ್ಲ.

ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದಿದವರಿಗೆ ರಾಶಿಕ್ರಿಯಾ ನಿಯಮ ನೆನಪಿರಬಹುದು. ಒಂಟಿಗಳು ಕೂಡಿ ಗುಂಪಾಗುವ, ಗುಂಪು ಒಡೆದು ಒಂಟಿಯಾಗುವ ಕ್ರಿಯೆ ಸಮತೋಲದಲ್ಲಿದ್ದರೆ, ಅಣುಗಳು ಹೆಚ್ಚಾದ ಹಾಗೆ ಒಂದಕ್ಕೊಂದು ಎದುರಾಗುವುದು ಹೆಚ್ಚಿ ಗುಂಪಿನ ಪಾಲು ಏರಲೇಬೇಕು. ಪಾರಾಗುವ ದಾರಿಯಿಲ್ಲ. ಏರುತ್ತಿಲ್ಲ ಎಂದರೆ ಒಂದೇ ಅರ್ಥ: ಈ ವ್ಯವಸ್ಥೆ ಸಮತೋಲದಲ್ಲಿಲ್ಲ. ಅಣುಗಳು ತಾವಾಗಿಯೇ ಬೇರ್ಪಡುವ, ಎಣ್ಣೆ ನೀರು ಬೇರಾಗುವ ಬಗೆಯ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ಯಾರೋ ಶಕ್ತಿ ಖರ್ಚು ಮಾಡಿ ಗುಂಪು ಕಟ್ಟುತ್ತಿದ್ದಾರೆ, ಮುರಿಯುತ್ತಿದ್ದಾರೆ. ಲೀಥ್ಸ್ ತೊಟ್ಟಿಯಿಂದ ವಿಸ್ಟ್ ಮತ್ತು ಡೇವಿಸ್ ನಕ್ಷೆಯವರೆಗಿನ ಕೆಲಸವೆಲ್ಲ ಸಮತೋಲದ ಲೆಕ್ಕ. ಜೀವಂತ ಕೋಶದ ಪೊರೆಗೆ ಅದೊಂದೇ ಸಾಲದು ಎಂಬುದಕ್ಕೆ ಇಷ್ಟು ನೇರವಾದ ಸಂಖ್ಯೆ ಮೊದಲು ಸಿಕ್ಕಿರಲಿಲ್ಲ.

ಖರ್ಚು ಮಾಡುತ್ತಿದ್ದವರು ಯಾರೆಂದು 2008ರಲ್ಲಿ ತಿಳಿಯಿತು. ಪೊರೆಯ ಒಳಮೈಗೆ ತಾಗಿಕೊಂಡಂತೆ ಆ್ಯಕ್ಟಿನ್ ಎಂಬ ಪ್ರೋಟೀನ್ ಎಳೆಗಳ ಜಾಲವಿದೆ. ಮಯೋಸಿನ್ ಎಂಬ ಮೋಟಾರುಗಳು ಕೋಶದ ಇಂಧನವಾದ ಎಟಿಪಿಯನ್ನು ಉರಿಸಿ ಅದನ್ನು ಎಳೆದಾಡುತ್ತವೆ. ಪೊರೆ ಆ ಜಾಲದಿಂದ ಬಿಟ್ಟುಕೊಂಡು ಗುಳ್ಳೆಯಂತೆ ಉಬ್ಬಿದ ಕಡೆಗಳಲ್ಲಿ ಗುಂಪುಗಳು ಇರಲಿಲ್ಲ. 2012ರಲ್ಲಿ ಕೃಪಾ ಗೌರಿಶಂಕರ್, ಮದನ್ ರಾವ್, ಮೇಯರ್ ಮತ್ತು ಸಂಗಡಿಗರು ಇದಕ್ಕೆ ಸಿದ್ಧಾಂತ ಕೊಟ್ಟರು: ಗಿಡ್ಡ ಆ್ಯಕ್ಟಿನ್ ಎಳೆಗಳು ನಕ್ಷತ್ರಾಕಾರಕ್ಕೆ ಕೂಡಿಕೊಳ್ಳುತ್ತವೆ, ಅವುಗಳಿಗೆ ಅಂಟಿದ ಅಣುಗಳನ್ನು ನಡುವಿಗೆ ಎಳೆದು ತರುತ್ತವೆ, ಸ್ವಲ್ಪ ಹೊತ್ತಿಗೆ ಚದುರುತ್ತವೆ. ಈ ಬಗೆಯ ಲೆಕ್ಕಕ್ಕೆ ಬೆಂಗಳೂರಿನಲ್ಲೇ ನೆಲ ಹದವಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅದಿತಿ ಸಿಂಹ ಮತ್ತು ಶ್ರೀರಾಮ್ ರಾಮಸ್ವಾಮಿ 2002ರಲ್ಲೇ ತಾವಾಗಿ ಚಲಿಸುವ ಕಣಗಳ ದ್ರವಕ್ಕೆ ಸಮೀಕರಣ ಬರೆದಿದ್ದರು. ಕ್ರಿಯಾಶೀಲ ವಸ್ತು ಎಂಬ ಭೌತವಿಜ್ಞಾನದ ಹೊಸ ಶಾಖೆಯ ಕುರಿತ 2013ರ ದೊಡ್ಡ ಸಮೀಕ್ಷೆಯ ಏಳು ಲೇಖಕರಲ್ಲಿ ರಾಮಸ್ವಾಮಿ, ಸಿಂಹ, ರಾವ್ ಮೂವರೂ ಇದ್ದಾರೆ.

ಆದರೆ ಆ್ಯಕ್ಟಿನ್ ಇರುವುದು ಪೊರೆಯ ಒಳಗಡೆ, ಜಿಪಿಐ ಗೂಟ ಇರುವುದು ಹೊರಪದರದಲ್ಲಿ. ಅದು ಪೊರೆಯ ಅರ್ಧದವರೆಗೆ ಮಾತ್ರ ಇಳಿಯುತ್ತದೆ. ಒಳಗಿನವನು ಹೊರಗಿನವನ ಕೈ ಹಿಡಿಯುವುದು ಹೇಗೆ? ಇಲ್ಲಿ ಕೊಲೆಸ್ಟ್ರಾಲ್ ಮತ್ತೆ ಬಂತು. 2015ರ ಸೆಲ್ ಲೇಖನದಲ್ಲಿ ರಘುಪತಿ ಮತ್ತು ಸಂಗಡಿಗರು ತೋರಿಸಿದಂತೆ, ಒಳಪದರದ ಫಾಸ್ಫಟಿಡೈಲ್ ಸೆರೀನ್ ಎಂಬ ಲಿಪಿಡ್‌ನ ಉದ್ದ ಸರಪಳಿಗಳು ಗೂಟದ ಉದ್ದ ಸರಪಳಿಗಳಿಗೆ ಪೊರೆಯ ನಡುವೆ ತಾಗಿ ಹೆಣೆದುಕೊಳ್ಳುತ್ತವೆ. ಎರಡೂ ಸರಪಳಿಗಳು ಬಾಗದೆ ನೆಟ್ಟಗೆ ನಿಂತರೆ ಮಾತ್ರ ಹೀಗೆ ತಾಗಲು ಸಾಧ್ಯ, ನೆಟ್ಟಗೆ ನಿಲ್ಲಿಸುವುದು ಕೊಲೆಸ್ಟ್ರಾಲ್. ಚಾಪ್‌ಮನ್ ಕ್ಯಾಲರಿಮೀಟರಿನಲ್ಲಿ ಕಂಡ ಅದೇ ಗುಣ.

ಸಮತೋಲದ ಪಕ್ಷದವರು ಸೋಲೊಪ್ಪಿಲ್ಲ, ಒಪ್ಪಬೇಕಾದ ಅಗತ್ಯವೂ ಇಲ್ಲ. ಸಾರಾ ವೀಚ್ ಮತ್ತು ಸಾರಾ ಕೆಲ್ಲರ್ 2003ರಲ್ಲಿ ಮೂರು ಬಗೆಯ ಅಣುಗಳ ದೊಡ್ಡ ಗುಳ್ಳೆಗಳಲ್ಲಿ ಎರಡು ದ್ರವಗಳು ಬೇರಾಗುವುದನ್ನು ಮೈಕ್ರೋಸ್ಕೋಪಿನಡಿ ಕಣ್ಣಾರೆ ತೋರಿಸಿದ್ದರು. 2008ರಲ್ಲಿ ವೀಚ್ ಜೀವಕೋಶದಿಂದಲೇ ಕಿತ್ತ ಪೊರೆಯ ಗುಳ್ಳೆಗಳನ್ನು ತಣಿಸಿದಾಗ, ಬೇರಾಗುವ ಅಂಚಿನಲ್ಲಿ ಪೊರೆ ಹುಟ್ಟಿ ಅಳಿಯುವ ತೇಪೆಗಳಿಂದ ತುಂಬಿಕೊಳ್ಳುವುದನ್ನು ಕಂಡರು. 37 ಡಿಗ್ರಿಯಲ್ಲಿ ಕೋಶ ಆ ಅಂಚಿಗೆ ತುಸು ಮೇಲಿರುತ್ತದೆ, ಆಗ ಏಳುವ ಪುಟ್ಟ ಏರಿಳಿತಗಳೇ ತೆಪ್ಪಗಳು ಎಂಬುದು ಅವರ ವಾದ. ಹಾಗೆ ನೋಡಿದರೆ 2006ರಲ್ಲಿ ಕೀಸ್ಟೋನ್ ಸಭೆಯಲ್ಲಿ ಎಲ್ಲ ಪಕ್ಷದವರೂ ಕೂತು ಒಪ್ಪಿದ ವ್ಯಾಖ್ಯೆ, ತೆಪ್ಪ ಎಂದರೆ 10ರಿಂದ 200 ನ್ಯಾನೊಮೀಟರ್‌ನ, ಸ್ಟೆರಾಲ್ (ಕೊಲೆಸ್ಟ್ರಾಲ್ ಜಾತಿಯ ಅಣು) ಮತ್ತು ಸ್ಫಿಂಗೊಲಿಪಿಡ್ ತುಂಬಿದ, ಚಂಚಲ ಪ್ರದೇಶ ಎಂಬುದು, ಯಾರಿಗೂ ನೋವಾಗದಂತೆ ಬರೆದದ್ದು. ಬೆಂಗಳೂರಿನ ನಾಲ್ಕೈದು ನ್ಯಾನೊಮೀಟರ್ ಗುಂಪುಗಳು ಆ ವ್ಯಾಖ್ಯೆಯ ಕೆಳಗಿನ ಅಂಚನ್ನೂ ಮುಟ್ಟುವುದಿಲ್ಲ.

ಕೊಲೆಸ್ಟ್ರಾಲ್‌ನ ಈ ಗುಣದ ಉಪಯೋಗಗಳು ಜಗಳ ಮುಗಿಯಲಿ ಎಂದು ಕಾಯಲಿಲ್ಲ. ಅಲೆಕ್ ಬ್ಯಾಂಗಮ್ 1960ರ ದಶಕದಲ್ಲಿ ತೋರಿಸಿದ ಲಿಪಿಡ್ ಗುಳ್ಳೆಗಳಲ್ಲಿ ಔಷಧ ತುಂಬಿದರೆ ಸೋರುತ್ತಿತ್ತು. ಕೊಲೆಸ್ಟ್ರಾಲ್ ಬೆರೆಸಿದಾಗ ಸೋರಿಕೆ ಇಳಿಯಿತು. ಆ ತಳಹದಿಯ ಮೇಲೆ ಕ್ಯಾನ್ಸರ್ ಔಷಧಗಳು ಬಂದವು. ಕೋವಿಡ್ ಕಾಲದ ಫೈಜರ್ ಮತ್ತು ಮಾಡರ್ನಾ ಲಸಿಕೆಗಳಲ್ಲಿ ಆರ್‌ಎನ್‌ಎಯನ್ನು ಸುತ್ತಿದ ಲಿಪಿಡ್ ಕಣದಲ್ಲಿ ಸುಮಾರು ಶೇಕಡಾ 40 ಅಣುಗಳು ಕೊಲೆಸ್ಟ್ರಾಲ್.

ಬೆಂಗಳೂರಿನ ಕೆಲಸವೂ ಮುಂದುವರಿಯಿತು. 2019ರಲ್ಲಿ ಎನ್‌ಸಿಬಿಎಸ್‌ನಿಂದ ಬಂದ ಲೇಖನ, ಕೋಶ ತಾನು ನಿಂತ ನೆಲದ ಮೇಲೆ ಹರಡಿಕೊಳ್ಳಬೇಕಾದರೆ ಜಿಪಿಐ ಪ್ರೋಟೀನ್‌ಗಳ ಗುಂಪುಗಳು ಬೇಕೇಬೇಕು ಎಂದು ತೋರಿಸಿತು. ಗುಂಪು ಕಟ್ಟಲಾಗದ ಕೋಶಗಳು ಸರಿಯಾಗಿ ಹರಡಿಕೊಳ್ಳಲಿಲ್ಲ. 2022ರಲ್ಲಿ ಸಾಹಾ, ರಾವ್, ಮೇಯರ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಸಮತೋಲದ ನಕ್ಷೆಯ ಪ್ರಕಾರ ಪೊರೆ ಒಂದೇ ಸಮ ಇರಬೇಕಾದ ತಾಪಮಾನದಲ್ಲೂ, ಆ್ಯಕ್ಟಿನ್‌ನ ಎಳೆತ ಮತ್ತು ಎರಡು ಪದರಗಳ ಹೆಣಿಗೆ ಕೂಡಿ ಶಿಸ್ತಿನ ದ್ರವದ ದೊಡ್ಡ ಪ್ರದೇಶಗಳನ್ನು ಕಟ್ಟಿ ಉಳಿಸಿಕೊಳ್ಳುತ್ತವೆ ಎಂಬುದು ಅವರ ವಾದ. ಹೀಗಾದರೆ ವೀಚ್ ಮತ್ತು ಮೇಯರ್ ಇಬ್ಬರ ನಕ್ಷೆಗೂ ಜಾಗವಿದೆ: ಬೇರಾಗುವ ಒಲವು ಅಣುಗಳದ್ದು, ಎಲ್ಲಿ ಮತ್ತು ಎಷ್ಟು ಹೊತ್ತು ಎಂಬ ತೀರ್ಮಾನ ಕೋಶದ್ದು. ಆ ಎರಡರಲ್ಲಿ ಯಾವುದರ ತೂಕ ಎಷ್ಟು ಎಂದು ಯಾರೂ ಇನ್ನೂ ಎಲ್ಲರೂ ಒಪ್ಪುವಂತೆ ಅಳೆದಿಲ್ಲ.